ಮಾಟುಂಗದ ಇಡ್ಲಿ, ಮಾಣಿಯ ಲೆಕ್ಕ

ಕಳೆದ ಚಳಿಗಾಲದಲ್ಲಿ ಇಬ್ಬರು ಗೆಳೆಯರ ಜೊತೆ ಪುಣೆಯಿಂದ ಎರಡು ದಿನ ಮುಂಬಯಿ ಸುತ್ತಲು ಹೋಗಿದ್ದೆ. ಕೈಯಲ್ಲಿದ್ದ ದುಡ್ಡು ಕಡಿಮೆ. ದಾದರ್ ಹತ್ತಿರ ಡಾರ್ಮಿಟರಿಯಲ್ಲಿ ಮಲಗಿದೆವು, ಲೋಕಲ್ ರೈಲಿನಲ್ಲಿ ಓಡಾಡಿದೆವು. ಬೆಳಗಿನ ತಿಂಡಿ ಗಟ್ಟಿಯಾಗಿ ಆದರೆ ಮಧ್ಯಾಹ್ನದ ಊಟವನ್ನು ಮೂರು ಗಂಟೆಯವರೆಗೆ ದೂಡಬಹುದು ಎಂಬುದು ಇಂಥ ಪ್ರವಾಸ ಮಾಡಿದವರಿಗೆಲ್ಲ ಗೊತ್ತಿರುವ ಲೆಕ್ಕ. ಹಾಗಾಗಿ ಎದ್ದವರೇ ಮಾಟುಂಗದ ಕಡೆ ನಡೆದೆವು.

ಚಿಕ್ಕದೊಂದು ಹೋಟೆಲಿನಲ್ಲಿ ಇಡ್ಲಿ, ದೋಸೆ, ಫಿಲ್ಟರ್ ಕಾಫಿ ಮುಗಿಸಿ ಬಿಲ್ಲು ಕೊಡಲು ಹೋದಾಗ, ಗಲ್ಲಾದಲ್ಲಿದ್ದ ಹಿರಿಯರು ನಮ್ಮ ಮಾತು ಕೇಳಿಸಿಕೊಂಡು "ಯಾವೂರಾಯ್ತು?" ಎಂದರು. ಊರು ಹೇಳಿದೆವು. "ನಾನು ಇಲ್ಲಿಗೆ ಬರುವಾಗ ನನಗೆ ಹನ್ನೆರಡು ವರ್ಷ. ಮೊದಲು ಲೋಟ ತೊಳೆದದ್ದು" ಎಂದು ಚಿಲ್ಲರೆ ಎಣಿಸಿ ಕೊಟ್ಟರು. ಅಷ್ಟು ಒಳ್ಳೆಯ ತಿಂಡಿ ಅಷ್ಟು ಕಡಿಮೆ ದುಡ್ಡಿಗೆ ಮಾಟುಂಗದಲ್ಲೇ ಏಕೆ ಸಿಗುತ್ತದೆ ಎಂದು ದಾರಿಯುದ್ದಕ್ಕೂ ಮಾತಾಡಿಕೊಂಡು ಬಂದಿದ್ದೆವು. ಅದಕ್ಕೆ ಅರ್ಧ ಉತ್ತರ ಅವರ ಆ ಒಂದು ಮಾತಿನಲ್ಲಿತ್ತು.

ಇನ್ನರ್ಧ ಉತ್ತರ ನಗರದ ಚರಿತ್ರೆಯಲ್ಲಿದೆ. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ದಕ್ಷಿಣ ಭಾಗದಿಂದ ಜನರನ್ನು ಉತ್ತರಕ್ಕೆ ಹರಡಬೇಕೆಂದು 1898ರಲ್ಲಿ ಸರ್ಕಾರ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪಿಸಿತು. ದಾದರ್, ಮಾಟುಂಗ, ಸಯಾನ್ ಕಡೆಯ ಬಡಾವಣೆಗಳು ಹುಟ್ಟಿದ್ದು ಆ ಟ್ರಸ್ಟಿನ ಯೋಜನೆಯಿಂದ. ರೈಲ್ವೆ ಕಚೇರಿಗಳಲ್ಲಿ, ವ್ಯಾಪಾರಿ ಕಂಪನಿಗಳಲ್ಲಿ ಗುಮಾಸ್ತರೂ ಟೈಪಿಸ್ಟರೂ ಆಗಿದ್ದ ದಕ್ಷಿಣದವರು, ಅದರಲ್ಲೂ ತಮಿಳರು, ಮಾಟುಂಗದಲ್ಲಿ ನೆಲೆಯಾದರು. ಕನ್ನಡಿಗರೂ ಬಂದರು. ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿ ಇಂದಿಗೂ ಮಾಟುಂಗದಲ್ಲೇ ಇದೆ. ಹೀಗೆ ಬಂದವರಲ್ಲಿ ಎಷ್ಟೋ ಜನ ಒಂಟಿ ಗಂಡಸರು. ಕೋಣೆಯಲ್ಲಿ ನಾಲ್ಕೈದು ಜನ, ಒಲೆ ಇಲ್ಲ, ಬೆಳಿಗ್ಗೆ ರೈಲು ಹಿಡಿಯುವ ಆತುರ. ಅವರಿಗೆ ಬೇಕಾಗಿದ್ದದ್ದು ಬೇಗ ಸಿಗುವ, ಪ್ರತಿದಿನ ತಿಂದರೂ ಹೊಟ್ಟೆಗೂ ಜೇಬಿಗೂ ಭಾರವಾಗದ ತಿಂಡಿ.

ಅದನ್ನು ಕೊಟ್ಟವರು ಉಡುಪಿ ಕಡೆಯವರು. ಕಿಂಗ್ಸ್ ಸರ್ಕಲ್ಲಿನ ಕೆಫೆ ಮದ್ರಾಸ್ ಶುರುವಾದದ್ದು 1940ರಲ್ಲಿ. ಹೆಸರು ಮದ್ರಾಸ್, ನಡೆಸುವವರು ಕಾಮತರು. ಮಾಟುಂಗ ಸ್ಟೇಷನ್ ಎದುರಿನ ಎ. ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರದು. ಅದು ಊಟದ ಮನೆ. 'ಬೋರ್ಡಿಂಗ್' ಎಂಬ ಹೆಸರೇ ಅಡುಗೆಮನೆ ಇಲ್ಲದವರ ಕಾಲವನ್ನು ನೆನಪಿಸುತ್ತದೆ. ಇವರಿಗಿಂತ ಮೊದಲು ಮುಂಬಯಿಯ ಬಡ ಗಿರಾಕಿಗೆ ಆಸರೆಯಾಗಿದ್ದದ್ದು ಇರಾನಿ ಅಂಗಡಿಗಳ ಬನ್ ಮಸ್ಕಾ, ಚಹಾ. 1904ರ ಕಯಾನಿ ಇನ್ನೂ ಧೋಬಿ ತಲಾವ್ ಬಳಿ ಇದೆ. ಇರಾನಿಯವರದೂ ವಲಸೆಯ ಕಥೆಯೇ. ಈ ನಗರಕ್ಕೆ ಅಗ್ಗದ ತಿಂಡಿ ಕೊಟ್ಟವರು ಹೆಚ್ಚಾಗಿ ಹೊರಗಿನಿಂದ ಬಂದವರೇ.

ಕರಾವಳಿಯ ಹುಡುಗರು ಮುಂಬಯಿಗೆ ಬಂದದ್ದು ಆಸೆಯಿಂದ ಮಾತ್ರವಲ್ಲ. ಹಲವು ಬಾಯಿಗೆ ಒಂದು ತುಂಡು ಗದ್ದೆ, ಅದೂ ಗೇಣಿಯದು. 1923ರ ದೊಡ್ಡ ನೆರೆ ಅನೇಕ ಮನೆಗಳನ್ನು ಮುರಿಯಿತು. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. ಅದಕ್ಕೆ ಮುಂಚೆ ಒಂದು ಕಾಲದಲ್ಲಿ ಹಡಗು, ಮಳೆಗಾಲದಲ್ಲಿ ಅದೂ ಇಲ್ಲ. ಆಮೇಲೆ ಘಾಟಿ ಹತ್ತಿ ಇಳಿಯುವ ಬಸ್ಸು. ಊರಿನವರು ಯಾರಾದರೂ ರಜೆಗೆ ಬಂದು ತಿರುಗಿ ಹೋಗುವಾಗ ಅವರ ಕೈಗೆ ಹುಡುಗನನ್ನು ಒಪ್ಪಿಸಿಬಿಡುತ್ತಿದ್ದರು.

ಹಾಗೆ ಬಂದ ಹುಡುಗ ಹೋಟೆಲಿನಲ್ಲಿ 'ಮಾಣಿ' ಆಗುತ್ತಿದ್ದ. ಲೋಟ ತೊಳೆಯುವುದು, ಮೇಜು ಒರೆಸುವುದು, ಆಮೇಲೆ ಸಪ್ಲೈ, ಅದೃಷ್ಟವಿದ್ದರೆ ಗಲ್ಲಾ, ಇನ್ನೂ ಅದೃಷ್ಟವಿದ್ದರೆ ಸ್ವಂತ ಹೋಟೆಲು. ರಾತ್ರಿ ಬಾಗಿಲು ಹಾಕಿದ ಮೇಲೆ ಮೇಜು ಜೋಡಿಸಿದರೆ ಅದೇ ಹಾಸಿಗೆ. ಊಟ, ಮಲಗುವ ಜಾಗ ಹೋಟೆಲಿನದೇ ಆದ್ದರಿಂದ ಸಂಬಳ ಕೈಗೆ ಬರುವುದು ಸ್ವಲ್ಪ; ಅದರಲ್ಲಿ ಹೆಚ್ಚಿನ ಪಾಲು ಊರಿಗೆ ಮನಿಯಾರ್ಡರ್. ಇಡ್ಲಿಯ ಬೆಲೆ ಕಡಿಮೆ ಇದ್ದದ್ದು ಅಕ್ಕಿ, ಉದ್ದಿನಿಂದ ಮಾತ್ರವಲ್ಲ, ಈ ಮಾಣಿಯ ಬಾಲ್ಯದಿಂದ ಕೂಡ. ಕೆಲವರಿಗೆ ಮುಂಬಯಿಯ ಕನ್ನಡ ರಾತ್ರಿಶಾಲೆಗಳು ದಾರಿಯಾದವು. ಹಗಲು ಮೇಜು ಒರೆಸಿ, ರಾತ್ರಿ ಓದಿ, ಮುಂದೆ ಬ್ಯಾಂಕಿಗೋ ಕಚೇರಿಗೋ ಹೋದವರಿದ್ದಾರೆ. ಓದಲಾಗದೆ ಲೋಟದ ಮುಂದೆಯೇ ಉಳಿದವರ ಕಥೆಯನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಹೋಟೆಲುಗಳಲ್ಲಿ ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಸುವುದಕ್ಕೆ ದೇಶದಾದ್ಯಂತ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರಿನಲ್ಲಿ.

ಇನ್ನೊಂದು ಲೆಕ್ಕವೂ ಇದೆ. 'ಎಲ್ಲರಿಗೂ ಅಗ್ಗದ ತಿಂಡಿ' ಎನ್ನುವಾಗ ಆ 'ಎಲ್ಲರೂ' ಯಾರು? ಹಳೆಯ ಉಡುಪಿ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಪಂಕ್ತಿ ಇರುತ್ತಿದ್ದದ್ದು, ದಲಿತರಿಗೆ ಒಳಗೆ ಜಾಗವೇ ಇಲ್ಲದ್ದು ಗುಟ್ಟೇನಲ್ಲ. ಹೋಟೆಲಿನ ಬಾಗಿಲು ಎಲ್ಲರಿಗೂ ತೆರೆದಿರಬೇಕೆಂದು 1950ರ ಸಂವಿಧಾನದ 15ನೇ ವಿಧಿ ಹೇಳಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ತಡೆಯುವವರಿಗೆ ಶಿಕ್ಷೆ ಇಟ್ಟಿತು. ಆದರೂ 1957ರಲ್ಲಿ ಮದ್ರಾಸಿನ ಟ್ರಿಪ್ಲಿಕೇನ್‌ನಲ್ಲಿ ಒಂದು ಹೋಟೆಲಿನ ಬೋರ್ಡಿನ ಮೇಲಿನ 'ಬ್ರಾಹ್ಮಣ' ಎಂಬ ಪದ ತೆಗೆಸಲು ಪೆರಿಯಾರ್ ಚಳವಳಿ ಹೂಡಬೇಕಾಯಿತು. ಇಂದು ಮಾಟುಂಗದಲ್ಲಿ ಅಪರಿಚಿತರ ಜೊತೆ ಒಂದೇ ಮೇಜಿಗೆ ಕೂತು ತಿನ್ನುತ್ತೇವಲ್ಲ, ಅದು ತಾನಾಗಿ ಬಂದ ಸೌಲಭ್ಯವಲ್ಲ.

ತಿಂಡಿ ಕೊಟ್ಟವರೂ ನೆಮ್ಮದಿಯಾಗಿರಲಿಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದಾಗ ಅದರ ಮೊದಲ ಗುರಿ ದಕ್ಷಿಣದವರು. ಲುಂಗಿಯವರನ್ನು ಓಡಿಸಿ ಎಂಬರ್ಥದ ಘೋಷಣೆಗಳು ಎದ್ದವು, ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ಹೋಟೆಲಿನವರು ಗಾಜು ಬದಲಾಯಿಸಿದರು, ಮರಾಠಿ ಕಲಿತರು, ಮೆನುವಿಗೆ ಮಿಸಳ್ ಸೇರಿಸಿದರು, ಬೆಳಗಿನ ಇಡ್ಲಿ ಬಿಡಲಿಲ್ಲ. ಈಗ ಮುಂಬಯಿಯ ಮರಾಠಿ ಮನೆಯವರೂ ಭಾನುವಾರ ಮಾಟುಂಗದಲ್ಲಿ ಹೆಸರು ಬರೆಸಿ ಸರದಿಗೆ ಕಾಯುತ್ತಾರೆ.

ಕಡಿಮೆ ದುಡ್ಡಿನಲ್ಲಿ ಯಾವುದೇ ಊರಿಗೆ ಹೋದಾಗ ಒಳ್ಳೆಯ ತಿಂಡಿ ಹುಡುಕುವ ಉಪಾಯವೂ ಈ ಚರಿತ್ರೆಯಲ್ಲೇ ಇದೆ. ನೋಡತಕ್ಕ ಜಾಗಗಳ ಎದುರಿನ ಹೋಟೆಲು ಬೇಡ. ಸ್ಟೇಷನ್, ಮಾರುಕಟ್ಟೆ, ಒಂಟಿಯಾಗಿ ಬಾಡಿಗೆಗೆ ಇರುವವರ ಓಣಿಗಳ ಹತ್ತಿರ ನೋಡಿ. ಪ್ರವಾಸಿ ಒಮ್ಮೆ ತಿಂದು ಹೋಗುತ್ತಾನೆ. ದಿನಾ ತಿನ್ನುವವನಿಗೆ ಕೆಟ್ಟ ಚಟ್ನಿ ಹಾಕಿದರೆ ಹೋಟೆಲು ಉಳಿಯುವುದಿಲ್ಲ. ತಿಂದ ಮೇಲೆ ಬೇಗ ಎದ್ದು ಕಾಯುವವರಿಗೆ ಜಾಗ ಬಿಡಿ.

ಎರಡನೇ ದಿನವೂ ನಾವು ಅಲ್ಲಿಗೇ ಹೋದೆವು. ಸಪ್ಲೈ ಮಾಡುತ್ತಿದ್ದ ಯುವಕನಿಗೆ ಕನ್ನಡ ಬರುತ್ತಿರಲಿಲ್ಲ. ಯಾವೂರು ಎಂದು ಹಿಂದಿಯಲ್ಲಿ ಕೇಳಿದೆ. ಒಡಿಶಾ ಎಂದ. ಮಲಗುವುದೆಲ್ಲಿ ಎಂದದ್ದಕ್ಕೆ ತಲೆ ಎತ್ತಿ ಮೇಲಿನ ಅಟ್ಟ ತೋರಿಸಿದ. ಆ ದಿನ ಬಿಲ್ಲಿನ ತಟ್ಟೆಯಲ್ಲಿ ಚಿಲ್ಲರೆಯನ್ನು ಬಿಟ್ಟು ಬಂದೆವು. ಅದರಿಂದ ಲೆಕ್ಕ ಚುಕ್ತಾ ಆಯಿತೆಂದು ನಮಗೆ ಯಾರಿಗೂ ಅನಿಸಲಿಲ್ಲ.