ಮೈಲಿಗಲ್ಲಿಗೆ ಸುಣ್ಣ ಹೊಡೆಯುತ್ತಿದ್ದ ಕಾಲ

ನಮ್ಮಪ್ಪ ಲೋಕೋಪಯೋಗಿ ಇಲಾಖೆಯಲ್ಲಿ ಗ್ಯಾಂಗ್‌ಮನ್. ಹಂದನಕೆರೆ ಸುತ್ತಿನ ರಸ್ತೆಯಲ್ಲಿ ಗುಂಡಿಗೆ ಜಲ್ಲಿ ತುಂಬುವುದು, ಚರಂಡಿ ಬಿಡಿಸುವುದು, ಮಳೆ ಹಿಡಿಯುವ ಮುಂಚೆ ಮೋರಿಕಟ್ಟೆಗೂ ಮೈಲಿಗಲ್ಲಿಗೂ ಸುಣ್ಣ ಹೊಡೆಯುವುದು ಅವರ ಗ್ಯಾಂಗಿನ ಕೆಲಸ. ಸುಣ್ಣಕ್ಕೆ ಅಂಟು ಬೆರೆಸಿ, ನಾರಿನ ಕುಂಚದಲ್ಲಿ ಎರಡು ಸಲ ಬಳಿಯುತ್ತಿದ್ದರು. ಅದು ಒಣಗಿದ ಮೇಲೆ ಕಪ್ಪು ಬಣ್ಣದಲ್ಲಿ ಅಂಕಿ ತಿದ್ದುತ್ತಿದ್ದರು. ಅಚ್ಚಿಗೆ ಲಾಟೀನು ಕಟ್ಟಿಕೊಂಡು ತಿಪಟೂರು ಸಂತೆಗೆ ಕೊಬ್ಬರಿ ಹೇರಿಕೊಂಡು ಹೋಗುವ ಗಾಡಿಯವರಿಗೆ ರಾತ್ರಿ ಹೊತ್ತು ತಿರುವು ತೋರಿಸುತ್ತಿದ್ದುದು ಆ ಬಿಳುಪೇ.

ಮೈಸೂರು ಸೀಮೆಯ ರಸ್ತೆಗಳಿಗೆ ಒಂದು ರೂಪ ಬಂದದ್ದು 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ. ಲೋಕೋಪಯೋಗಿ ಇಲಾಖೆ ಹುಟ್ಟಿದ್ದು 1856ರಲ್ಲಿ. ಮೈಲಿಗೆ ಎಂಟು ಫರ್ಲಾಂಗು ಎಂಬುದು ಅಂದಿನ ಲೆಕ್ಕ. 1956ರ ತೂಕ ಅಳತೆ ಕಾಯ್ದೆಯ ನಂತರ ಕಿಲೋಮೀಟರ್ ಕಲ್ಲುಗಳು ಬಂದವು, ನಡುವೆ 2, 4, 6, 8 ಎಂದು ಬರೆದ ಇನ್ನೂರು ಮೀಟರಿನ ಗಿಡ್ಡ ಕಲ್ಲುಗಳೂ ಬಂದವು. ಎಚ್ಚರಿಕೆ ಫಲಕಗಳ ಚಿತ್ರ 1939ರ ಮೋಟಾರು ವಾಹನ ಕಾಯ್ದೆಯಲ್ಲೇ ಇದ್ದರೂ ನಮ್ಮಂಥ ರಸ್ತೆಗಳಿಗೆ ಅವು ಬಹುಕಾಲ ಬರಲಿಲ್ಲ. ಹೆದ್ದಾರಿಗೆ ಮೊದಲು, ಹಳ್ಳಿಗೆ ಆಮೇಲೆ.

ಈಗ ಫಲಕಗಳಿವೆ, ನೋಡಿಕೊಳ್ಳುವವರಿಲ್ಲ. ಗ್ಯಾಂಗಿನವರು ನಿವೃತ್ತರಾದರು, ಅವರ ಜಾಗಕ್ಕೆ ಗುತ್ತಿಗೆ ಬಂತು. ತಿರುವಿನ ಬಾಣದ ಗುರುತಿನ ಮೇಲೆ ತೆಂಗಿನ ಗರಿ ಜೋತುಬಿದ್ದಿದ್ದರೆ ಕತ್ತಿ ಹಿಡಿದು ಕತ್ತರಿಸುವ ಕೈ ಯಾವುದು? ಓಡಾಟ ಕಡಿಮೆ ಇರುವ ರಸ್ತೆಯಲ್ಲೇ ಜನ ಜೋರಾಗಿ ಹೋಗುತ್ತಾರೆ. ಎದುರಿಗೆ ಯಾರೂ ಬರುವುದಿಲ್ಲ ಎಂಬ ಧೈರ್ಯ ಅದು.

ಒಕ್ಕಣೆಯ ಕಾಲವಂತೂ ನನಗೆ ಭಯ. ಹಿಂದೆ ಸಗಣಿ ಸಾರಿಸಿದ ಕಣದಲ್ಲಿ ರೋಣಗಲ್ಲು ಉರುಳಿಸುತ್ತಿದ್ದರು. ಕಣ ಮಾಡುವ ಜಾಗಗಳು ತೋಟವಾದವು, ಎತ್ತುಗಳು ಕಡಿಮೆಯಾದವು, ರಾಗಿ ಹುರುಳಿ ಡಾಂಬರಿಗೆ ಬಂದವು. ಹರಡಿದ ಹುಲ್ಲಿನ ಅಂಚಿಗೆ ಗುಂಡುಕಲ್ಲು ಇಟ್ಟು ಜಾಲಿಮುಳ್ಳು ಹಾಕುತ್ತಾರೆ. ಸಂಜೆ ಹುಲ್ಲು ಬಾಚಿಕೊಂಡು ಹೋಗುತ್ತಾರೆ, ಕಲ್ಲು ಅಲ್ಲೇ ಉಳಿಯುತ್ತದೆ. ಕತ್ತಲಲ್ಲಿ ಬೈಕಿನವನಿಗೆ ಅದು ಕಾಣುವುದು ಮುಂದಿನ ಗಾಲಿಗೆ ತಗುಲಿದಾಗ.

ರೈತನಿಗೆ ಬೇರೆ ಜಾಗವಿಲ್ಲ ಎಂಬುದು ನಿಜ. ಪಂಚಾಯಿತಿಗಳು ಊರೂರಿಗೆ ಒಂದು ಸಿಮೆಂಟಿನ ಒಕ್ಕಣೆ ಕಣ ಮಾಡಿಸಬೇಕು, ವರ್ಷಕ್ಕೊಮ್ಮೆ ಮೋರಿಕಟ್ಟೆಗೆ ಸುಣ್ಣ ಹೊಡೆಸಬೇಕು. ಅಲ್ಲಿಯವರೆಗೆ ರಸ್ತೆಯಲ್ಲಿ ಒಕ್ಕಣೆ ಮಾಡುವ ಅಣ್ಣಂದಿರೇ, ಅಕ್ಕಂದಿರೇ, ಮನೆಗೆ ಹೊರಡುವ ಮುಂಚೆ ಆ ಕಲ್ಲುಗಳನ್ನು ಪಕ್ಕಕ್ಕೆ ಎತ್ತಿಡಿ.