ಶೆಟ್ಟಿಹಳ್ಳಿಯ ದೇವಾಲಯ: ಮುಳುಗಿದ್ದೇನು, ಉಳಿದದ್ದೇನು?

ಹಾಸನದಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಶೆಟ್ಟಿಹಳ್ಳಿಯಲ್ಲಿರುವ ಜಪಮಾಲೆ ಮಾತೆಯ ಹಳೆಯ ದೇವಾಲಯವನ್ನು ನೀವು ನೋಡಿರಬಹುದು. ಚಿತ್ರವನ್ನಂತೂ ನೋಡಿಯೇ ಇರುತ್ತೀರಿ. ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನ ನಡುವೆ ಅರ್ಧ ಮುಳುಗಿ, ಬೇಸಿಗೆಯಲ್ಲಿ ಬಯಲಿನಲ್ಲಿ ಒಂಟಿಯಾಗಿ ನಿಲ್ಲುವ ಆ ಛಾವಣಿಯಿಲ್ಲದ ಗೋಡೆಗಳಿಗೆ ಪ್ರವಾಸಿಗರು 'ಮುಳುಗುವ ಚರ್ಚ್' ಎಂದು ಹೆಸರಿಟ್ಟಿದ್ದಾರೆ. ಆ ಹೆಸರು ಕೇಳಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಅದು ಒಂದು ಧರ್ಮಕೇಂದ್ರದ ದೇವಾಲಯವಾಗಿತ್ತು ಎಂಬುದನ್ನೇ ಆ ಹೆಸರು ಮರೆಸಿಬಿಡುತ್ತದೆ.

ಈ ದೇವಾಲಯದ ಕಥೆಯಲ್ಲಿ ಅಬ್ಬೆ ದುಬುವಾ ಅವರ ಹೆಸರು ತಪ್ಪದೆ ಬರುತ್ತದೆ. ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಈ ಫ್ರೆಂಚ್ ಗುರುಗಳು 1792ರಲ್ಲಿ ಭಾರತಕ್ಕೆ ಹೊರಟು ಬಂದವರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮೇಲೆ ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿದರು. ಹಾಸನದ ಆಸುಪಾಸಿನಲ್ಲಿ ಬೇಸಾಯಗಾರರ ನೆಲೆಗಳನ್ನು ಕಟ್ಟಿದರು. ಸಿಡುಬಿನ ಲಸಿಕೆಯನ್ನು ಹಳ್ಳಿಗಳಿಗೆ ಒಯ್ದರು. ಜನರ ಬಾಯಲ್ಲಿ ಅವರು 'ದೊಡ್ಡ ಸ್ವಾಮಿಯವರು'. ಆದರೆ ಇಂದು ನಿಂತಿರುವ ಕಟ್ಟಡದ ಕಾಲ ಸಾಮಾನ್ಯವಾಗಿ 1860ರ ಸುಮಾರು ಎಂದು ಹೇಳಲಾಗುತ್ತದೆ. ದೊಡ್ಡ ಸ್ವಾಮಿಯವರಾದರೋ 1823ರಲ್ಲೇ ಫ್ರಾನ್ಸಿಗೆ ಮರಳಿ, 1848ರಲ್ಲಿ ತೀರಿಕೊಂಡರು. ಅವರೇ 1860ರಲ್ಲಿ ಇದನ್ನು ಕಟ್ಟಿಸಿದರೆಂದು ಹೇಳುವವರು ಈ ಲೆಕ್ಕವನ್ನು ಗಮನಿಸಿದಂತಿಲ್ಲ! ಎರಡನ್ನೂ ಬೇರೆಬೇರೆಯಾಗಿ ಇಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಈ ಸೀಮೆಯಲ್ಲಿ ಮೊದಲು ಬಂದದ್ದು ವಿಶ್ವಾಸಿಗಳ ಸಮುದಾಯ, ಚೂಪುಗಮಾನಿನ ಈ ಭವ್ಯ ಮಂದಿರ ಬಂದದ್ದು ಅನಂತರ.

ಗೊರೂರನ್ನು ನಾವು ಬಲ್ಲುದು ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಹಳ್ಳಿಯ ಚಿತ್ರಗಳು' ಕೃತಿಯಿಂದ. ಅದೇ ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಹಿನ್ನೀರು ಹಲವು ಹಳ್ಳಿಗಳನ್ನು ಆವರಿಸಿತು. ಶೆಟ್ಟಿಹಳ್ಳಿಯ ಕುಟುಂಬಗಳು ಹೊಲ, ಮನೆ, ಹಿರಿಯರ ಸಮಾಧಿಗಳನ್ನು ಬಿಟ್ಟು ಬೇರೆಡೆ ನೆಲೆಸಬೇಕಾಯಿತು. ಆ ನೀರು ಇಂದು ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಗದ್ದೆಗಳಿಗೆ ಹರಿಯುತ್ತದೆ. ಅದನ್ನು ಕುಡಿದು ಬೆಳೆಯುವ ಊರುಗಳಿವೆ. ಆದ್ದರಿಂದ ಅಣೆಕಟ್ಟನ್ನು ಶಪಿಸಲು ನನಗೆ ಮನಸ್ಸು ಬಾರದು. ಆದರೂ ಯಾರ ನೆಲ ಮುಳುಗಿ ಯಾರ ನೆಲ ಹಸಿರಾಯಿತು ಎಂಬುದನ್ನು ನೆನೆಯದಿರುವುದು ಕೃತಘ್ನತೆ.

ಗೋಡೆಗಳಿಗೆ ಬರೀ ನೀರಿಗಿಂತ ನೀರಿನ ಹೋಗು-ಬರುವೇ ಹೆಚ್ಚು ಅಪಾಯಕಾರಿ. ತಿಂಗಳುಗಟ್ಟಲೆ ನೆನೆದ ಸುಣ್ಣದ ಗಾರೆ ಬಿಸಿಲಿಗೆ ಒಣಗಿ ಬಿರುಕು ಬಿಡುತ್ತದೆ. ಮರುವರ್ಷ ಅದೇ ಬಿರುಕಿನಲ್ಲಿ ನೀರು ಇಳಿಯುತ್ತದೆ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಜನ ಹೇಳುವುದುಂಟು. ಏನು ಬೆರೆಸಿದ್ದರೋ, ನಾಲ್ಕು ದಶಕ ದಾಟಿ ತಾಳಿಕೊಂಡಿತು! ಇತ್ತೀಚಿನ ವರ್ಷಗಳಲ್ಲಿ ಮಾತ್ರ ಕೆಲ ಭಾಗಗಳು ಕುಸಿದಿವೆ. ಗೋಡೆ ಹತ್ತಿ ಚಿತ್ರ ತೆಗೆಸಿಕೊಳ್ಳುವವರು, ಇಟ್ಟಿಗೆಯ ಮೇಲೆ ಹೆಸರು ಕೆತ್ತುವವರು ನೀರಿಗಿಂತ ಬೇಗ ಆ ಕೆಲಸವನ್ನು ಮುಗಿಸಿಯಾರು.

ನಮ್ಮ ಧರ್ಮಸಭೆಯ 1983ರ ಕಾನೂನುಸಂಹಿತೆ ಧರ್ಮಕೇಂದ್ರವನ್ನು ಕಟ್ಟಡವೆಂದು ಕರೆಯುವುದಿಲ್ಲ; ಅದು ಒಬ್ಬ ಗುರುವಿನ ಪಾಲನೆಗೆ ಒಪ್ಪಿಸಲ್ಪಟ್ಟ, ಸ್ಥಿರವಾಗಿ ನೆಲೆಗೊಂಡ ವಿಶ್ವಾಸಿಗಳ ಸಮುದಾಯ. ಪ್ರತಿ ಧರ್ಮಕೇಂದ್ರವೂ ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆ ಪುಸ್ತಕಗಳನ್ನು ಜೋಪಾನವಾಗಿ ಇಡಬೇಕೆಂದೂ ಅದೇ ಸಂಹಿತೆ ವಿಧಿಸುತ್ತದೆ. ನಿಮ್ಮ ಹಿರಿಯರು ಆ ಕಡೆಯವರಾದರೆ, ಮುಂದಿನ ಸಲ ಹಿನ್ನೀರಿನ ದಡಕ್ಕೆ ಹೋಗುವ ಮೊದಲು ನಿಮ್ಮ ಗುರುಗಳ ಮೂಲಕ ಅಂಥ ದಾಖಲೆಗಳನ್ನು ವಿಚಾರಿಸಿ ನೋಡಿ. ಮನೆಯಲ್ಲಿ ಅಜ್ಜಿ ತಾತ ಇದ್ದರೆ ಅವರ ಪಕ್ಕ ಕುಳಿತು ಕೇಳಿ: ಗಂಟೆ ಎಷ್ಟು ದೂರ ಕೇಳಿಸುತ್ತಿತ್ತು, ಹಬ್ಬದ ಮೆರವಣಿಗೆ ಯಾವ ದಾರಿಯಲ್ಲಿ ಸಾಗುತ್ತಿತ್ತು, ಊರು ಬಿಟ್ಟ ದಿನ ಯಾರು ಏನನ್ನು ಹೊತ್ತು ತಂದರು. ಕೇಳಿದ್ದನ್ನು ಆ ದಿನವೇ ಬರೆದಿಡಿ.