ಇನ್ನೂರೈವತ್ತಾರರ ಓದು

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯೆದುರು ನಾನು ಹಲವು ಸಲ ನಿಂತಿದ್ದೇನೆ. 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದ ಅಶೋಕನ ಶಾಸನ ಅಲ್ಲಿದೆ. ಅದರಲ್ಲೊಂದು ಸಂಖ್ಯೆ: 256. ನಾವು ಬರೆಯುವಂತೆ ಎರಡು, ಐದು, ಆರು ಎಂದಲ್ಲ. ಆಗಿನ ಬ್ರಾಹ್ಮಿಗೆ ಸ್ಥಾನಬೆಲೆಯಾಗಲಿ ಸೊನ್ನೆಯಾಗಲಿ ಇರಲಿಲ್ಲ. ಇನ್ನೂರಕ್ಕೊಂದು, ಐವತ್ತಕ್ಕೊಂದು, ಆರಕ್ಕೊಂದು ಗುರುತು. ಕೂಡಿಕೊಳ್ಳುವ ಹೊಣೆ ಓದುವವನದು. ಬರೆಹ ಬೇರೆ, ಬೆಲೆ ಬೇರೆ.

ಈ ಭೇದ ಗಣಕಯಂತ್ರಕ್ಕೂ ತಪ್ಪಿದ್ದಲ್ಲ. ನಾವು ಕೀಲಿಯೊತ್ತಿ 256 ಎಂದು ಬರೆದರೆ ಅದಕ್ಕೆ ದೊರೆಯುವುದು ಮೂರು ಅಕ್ಷರಗಳ ಸರ ಮಾತ್ರ. 1970ರ ದಶಕದ ಆರಂಭದಲ್ಲಿ ಡೆನ್ನಿಸ್ ರಿಚಿ ರೂಪಿಸಿದ ‘ಸಿ’ ಭಾಷೆಯಲ್ಲಿ ಆ ಸರವನ್ನು ದಶಮಾಂಶ ಸಂಖ್ಯೆಯಾಗಿಸಲು ‘ಏಟಾಫ್’, ‘ಸ್ಟ್ರ್‌ಟಾಡ್’ ಎಂಬ ಸಾಧನಗಳುಂಟು. ಮೊದಲನೆಯದು ಓದಲು ಸಂಖ್ಯೆಯೇ ಇಲ್ಲದಿದ್ದರೂ ಸೊನ್ನೆಯೆಂದುಬಿಡುತ್ತದೆ. ಅದು ನಿಜವಾದ ಸೊನ್ನೆಯೋ ಅಲ್ಲವೋ ನಮಗೆ ತಿಳಿಯದು. ಎರಡನೆಯದು ತಾನು ಎಲ್ಲಿಯವರೆಗೆ ಓದಿದೆನೆಂಬುದನ್ನೂ ತೋರಿಸುತ್ತದೆ. ಬ್ರಹ್ಮಗಿರಿಯಲ್ಲಿ ಲಿಪಿಕಾರ ಚಪಡ ಕೊನೆಯ ಪದವನ್ನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಕೊರೆದಿದ್ದಾನೆ. ಬ್ರಾಹ್ಮಿಯನ್ನಷ್ಟೆ ಬಲ್ಲವನು ಅಲ್ಲಿ ನಿಂತು, ‘ನನ್ನ ಓದು ಇಲ್ಲಿಗೆ ಮುಗಿಯಿತು’ ಎನ್ನಬೇಕು. ಅದೇ ಪ್ರಾಮಾಣಿಕತೆ.

ಎಲ್ಲವನ್ನೂ ಓದಿದ ಮೇಲೂ ತೊಡಕು ತೀರದು. 256 ಎಂಬುದು ಎಂಟು ಎರಡುಗಳ ಗುಣಲಬ್ಧ. ಎರಡರ ಲೆಕ್ಕದ ಯಂತ್ರದಲ್ಲಿ ಅದು ಕೂದಲೆಳೆಯಷ್ಟೂ ಕೆಡದೆ ಕೂರುತ್ತದೆ. ಹತ್ತರಲ್ಲೊಂದು, ಅಂದರೆ 0.1, ಹಾಗೆ ಕೂರದು. ಮೂರರಲ್ಲೊಂದನ್ನು ದಶಮಾಂಶದಲ್ಲಿ ಬರೆದು ಮುಗಿಸಲಾಗದಂತೆ. ಅತ್ಯಂತ ಸಮೀಪದ ಬೆಲೆಗೆ ತೃಪ್ತಿಪಡಬೇಕು. 2023ರ ಏಪ್ರಿಲ್ 2ರಂದು ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೋದ ಮರುಬಳಕೆಯ ವಾಹನ ಹೆಲಿಕಾಪ್ಟರಿನಿಂದ ಬೇರ್ಪಟ್ಟು ತಾನಾಗಿಯೇ ನೆಲಕ್ಕಿಳಿಯಿತು. ಯಂತ್ರವನ್ನು ಅಷ್ಟು ನಂಬಬೇಕಾದರೆ ಈ ಅಲ್ಪ ಅಂತರವನ್ನೂ ಅರಿತಿರಬೇಕು.

ಬೆಲೆ ಸರಿಯಾಗಿದ್ದೂ ಅರ್ಥ ತಪ್ಪಬಹುದು. 256 ಏನು? ಬ್ಯೂಲರ್ ಅವರು ಬುದ್ಧನ ನಿರ್ವಾಣದಿಂದ ಕಳೆದ ವರ್ಷಗಳೆಂದು ತಿಳಿದರು. ಬಿಹಾರದ ಸಹಸ್ರಾಮದ ಪಾಠದಲ್ಲಿ ಇದೇ ಸಂಖ್ಯೆ ಮಾತಿನಲ್ಲೂ ಇದೆ. ಅಲ್ಲಿಯ ‘ಲಾತಿ’ ಎಂದರೆ ರಾತ್ರಿಯೆಂದು ಎಫ್. ಡಬ್ಲ್ಯು. ಥಾಮಸ್ ಕಂಡುಕೊಂಡರು. ಅದು ಪ್ರವಾಸದಲ್ಲಿ ಕಳೆದ ಇರುಳುಗಳ ಎಣಿಕೆ!

ಹಳೆಯ ಪುಸ್ತಕವೊಂದನ್ನು ನಂಬಿ ನಾನೂ ಕೆಲಕಾಲ ತರಗತಿಯಲ್ಲಿ ‘ವರ್ಷ’ವೆಂದೇ ಪಾಠ ಹೇಳಿದ್ದೆ. ಆ ವಿದ್ಯಾರ್ಥಿಗಳು ಈಗ ಎಲ್ಲೆಲ್ಲಿದ್ದಾರೋ. ಅವರಲ್ಲಿ ಯಾರಾದರೂ ಇದನ್ನು ಕೇಳುತ್ತಿದ್ದರೆ, ದಯವಿಟ್ಟು ತಿದ್ದಿಕೊಳ್ಳಲಿ: ಅವು ಇರುಳುಗಳು.